ಏರಿಯ ಬೆನ್ನು

ಡೆಲ್ಫ್ಟ್, ೧೨ ಅಕ್ಟೋಬರ್ ೧೯೫೨

ಪ್ರೀತಿಯ ಅಪ್ಪನಿಗೆ,

ಕ್ರೀನಾ ಅತ್ತೆ ಕಳಿಸಿದ ಬೆಣ್ಣೆ ಕೆಡದೆ ಬಂದು ಸೇರಿತು. ಮನೆಯೊಡತಿ ಅದರ ಮೇಲೆ ಒಂದು ಕಣ್ಣಿಟ್ಟಿದ್ದಾಳೆ. ದಿನಾ ನನ್ನ ಬ್ರೆಡ್ಡಿನ ಜೊತೆ ಅವಳದೂ ಒಂದು ತುಂಡು ಮೇಜಿನ ಮೇಲೆ ಬಂದು ಕೂರುತ್ತದೆ.

ಈ ವರ್ಷ ನಮ್ಮನ್ನು ನೀರಿನ ಪ್ರಯೋಗಶಾಲೆಗೆ ಹಾಕಿದ್ದಾರೆ. ಗಣಿತ, ಬಲಶಾಸ್ತ್ರ, ನಕ್ಷೆ ಎಲ್ಲ ದಾಟಿ ಬಂದವರಿಗೆ ಮಾತ್ರ ಇಲ್ಲಿ ಜಾಗ. ಮೊದಲ ವರ್ಷ ನಾನು ತರಗತಿಗೆ ಕಾಲಿಟ್ಟರೆ ಹುಡುಗರೆಲ್ಲ ಗೇಲಿಗೆ ಬೂಟುಗಾಲು ನೆಲಕ್ಕೆ ಉಜ್ಜುತ್ತಿದ್ದರಲ್ಲ, ಈಗ ಅವರೇ ನನ್ನ ಲೆಕ್ಕ ನೋಡಿ ಬರೆದುಕೊಳ್ಳುತ್ತಾರೆ. ಹಿಂದಿನ ಕಾಲದ ರಾಜನೊಬ್ಬ ಈ ಮಹಾಶಾಲೆ ತೆರೆದು ನೂರು ವರ್ಷ ದಾಟಿತು. ಮೆಟ್ಟಿಲ ಗೋಡೆಯ ತುಂಬ ಗಡ್ಡದ ಎಂಜಿನಿಯರುಗಳ ಚಿತ್ರ. ಒಬ್ಬ ರೈಲು ಸೇತುವೆ ಕಟ್ಟಿದವನು, ಒಬ್ಬ ಜಾವಾದಲ್ಲಿ ಕಾಲುವೆ ತೋಡಿಸಿದವನು. ಅವರ ಮುಂದೆ ಹಾದುಹೋಗುವಾಗ, ಕಡಲ ಏರಿ ಕಾಯುವ ಮೇಸ್ತ್ರಿಯ ಮಗಳು ಇಲ್ಲೇನು ಮಾಡುತ್ತಿದ್ದಾಳೆ ಎಂದು ಅವರೆಲ್ಲ ಕೇಳಿದ ಹಾಗಾಗುತ್ತದೆ.

ಪ್ರಯೋಗಶಾಲೆಯಲ್ಲಿ ಉದ್ದನೆಯ ಒಂದು ಕಾಲುವೆ ಇದೆ. ಅದಕ್ಕೆ ಗಾಜಿನ ಗೋಡೆ. ಒಂದು ತುದಿಯಲ್ಲಿ ಮೋಟಾರು ಹಲಗೆಯೊಂದನ್ನು ಹಿಂದೆ ಮುಂದೆ ತಳ್ಳಿ ಅಲೆ ಎಬ್ಬಿಸುತ್ತದೆ. ಇನ್ನೊಂದು ತುದಿಯಲ್ಲಿ ಪುಟ್ಟ ಏರಿ ಕಟ್ಟಿ ನಾವು ನೋಡುತ್ತ ನಿಲ್ಲುತ್ತೇವೆ. ಯಾವ ಏರಿ ಬೇಕಾದರೂ ಕಟ್ಟಬಹುದು ಎಂದರು. ನಾನು ನಮ್ಮ ಔದೆಹೂಕ್ ಊರಿನದನ್ನೇ ಕಟ್ಟಿದೆ. ನೀನು ಬೇಸಿಗೆಯಲ್ಲಿ ಕಡಲ ಕಡೆಗೆ ಹೊದಿಸಿದ ಕಲ್ಲನ್ನೂ ಬಿಡದೆ ಜೋಡಿಸಿದೆ.

ಅಪ್ಪ, ನೀನು ಹೊದಿಸಿದ ಕಲ್ಲು ಒಂದೂ ಅಲುಗಲಿಲ್ಲ. ಅದನ್ನು ಮೊದಲು ಹೇಳುತ್ತೇನೆ. ಆದರೆ ನೀರು ತುಸು ಏರಿಸಿದಾಗ ಅಲೆಯ ತಲೆ ಏರಿಯನ್ನು ಹತ್ತಿ ಆ ಕಡೆ ಇಳಿಯಿತು. ಹೆಚ್ಚೇನೂ ಇಲ್ಲ, ತೆಳ್ಳಗೆ, ಚೊಂಬಿನಿಂದ ಸುರಿದ ಹಾಗೆ. ಅಷ್ಟಕ್ಕೇ ಏರಿಯ ಬೆನ್ನು, ಅಂದರೆ ಊರ ಕಡೆಯ ಇಳಿಜಾರು, ನೆನೆದು ಜಾರಿತು. ಬೆನ್ನು ಹೋದ ಮೇಲೆ ಎದೆಯ ಮೇಲಿನ, ಕಡಲ ಕಡೆಯ ಕಲ್ಲು ಯಾವ ಕೆಲಸಕ್ಕೂ ಬರಲಿಲ್ಲ. ಏರಿ ಪೂರ್ತಿ ಹೋಯಿತು. ಗಾಜಿನ ಆ ಕಡೆ ಇದ್ದ ಹುಡುಗರು ಚಪ್ಪಾಳೆ ತಟ್ಟಿದರು. ನಾನು ನಮ್ಮ ಮನೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದೆ.

ನಮ್ಮೂರಿನಲ್ಲಿ ಏರಿಯ ಬೆನ್ನಿನಲ್ಲಿ ಏನೇನಿದೆ ಎಂದು ನೆನೆಸಿಕೊಂಡೆ. ಊರಿಗೆಲ್ಲ ಒಣಗಿದ ಎತ್ತರದ ನೆಲ ಅದೊಂದೇ ಎಂದು ಎಲ್ಲರೂ ಅದರೊಳಗೇ ಆಲೂಗೆಡ್ಡೆ ಕೂಡಿಡುವ ಗುಳಿ, ಹಗೇವು, ತೋಡಿದ್ದೀರಿ. ಅತ್ತೆಯದು ಒಂದು, ಯೋಪ್ ಮಾವನದು ಎಲ್ಲಕ್ಕಿಂತ ದೊಡ್ಡದು. ಅವನ್ನು ಮುಚ್ಚಿಸು. ಚಳಿಗಾಲದ ದೊಡ್ಡ ಉಬ್ಬರ ಬರುವ ಮೊದಲು ಮುಚ್ಚಿಸು.

ನಿನ್ನ ಮಗಳು,
ಡಿಂಗೆನಾ


ಔದೆಹೂಕ್, ೨೧ ಅಕ್ಟೋಬರ್

ಮಗಳೇ,

ನಿನ್ನ ಪತ್ರವನ್ನು ಕಾಫಿ ಕುಡಿಯುವಾಗ ಗಟ್ಟಿಯಾಗಿ ಓದಿದೆ. ನಿನ್ನ ಅತ್ತೆ ಇದ್ದಳು. ಪಕ್ಕದ ಮನೆಯ ಯೋಪ್ ಎಂದಿನಂತೆ ಕಾಫಿಯ ವಾಸನೆ ಹಿಡಿದು ಬಂದಿದ್ದ, ಹಿಂದೆ ಅವನ ಹೆಂಡತಿ ಲೇನಾಳೂ ಬಂದಳು. ಬೆಣ್ಣೆಯ ವಿಷಯ ಬಂದಾಗ ಅತ್ತೆಗೆ ಸಿಟ್ಟು ಬಂತು. ಏರಿಯ ವಿಷಯ ಬಂದಾಗ ಯೋಪ್‌ಗೆ ನಗು ಬಂತು.

"ಮರೀನುಸ್, ನಿನ್ನ ಮಗಳು ಮೀನಿನ ತೊಟ್ಟಿ ನೋಡಿ ಹೆದರ್ಕೊಂಡವ್ಳೆ ಕಣಯ್ಯಾ. ಗಾಜಿನ ಸಮುದ್ರಕ್ಕೆ ನನ್ನ ಗೆಡ್ಡೆ ಹೆದರಲ್ಲ ಅಂತ ಬರಿ" ಎಂದ. ಹಗೇವು ಮುಚ್ಚಿದರೆ ಆಲೂಗೆಡ್ಡೆಯನ್ನು ಲೇನಾಳ ಹಾಸಿಗೆಯಲ್ಲಿ ಮಲಗಿಸಬೇಕು, ತಾನು ಕೊಟ್ಟಿಗೆಗೆ ಹೋಗಬೇಕು ಎಂದೂ ಸೇರಿಸಿದ. ಲೇನಾ, ಈಗಲೇ ಹೋದರೂ ಅಡ್ಡಿಯಿಲ್ಲ ಎಂದಳು.

ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ನಮ್ಮಪ್ಪ, ಅವನಪ್ಪ, ಎಲ್ಲರೂ ಆ ಬೆನ್ನಿನಲ್ಲೇ ಗೆಡ್ಡೆ ಇಟ್ಟು ಬೆಳೆದವರು. ಸಮುದ್ರ ಬರುವುದು ಮುಂದಿನಿಂದ. ಹಿಂದಿನಿಂದ ಬರುವುದು ಯೋಪನ ಕುರಿ ಮಾತ್ರ. ನೀನು ಚೆನ್ನಾಗಿ ಊಟ ಮಾಡು. ಹೊಟ್ಟೆ ಖಾಲಿ ಇದ್ದರೆ ಹೆದರಿಕೆ ಜಾಸ್ತಿ.

ನಿನ್ನ ಅಪ್ಪ,
ಮರೀನುಸ್


ಡೆಲ್ಫ್ಟ್, ೯ ನವೆಂಬರ್

ಅಪ್ಪ,

ನನ್ನ ಪತ್ರಗಳನ್ನು ಯೋಪ್ ಮಾವನ ಮುಂದೆ ಓದಬೇಡ.

ಮತ್ತೆ ಕಟ್ಟಿದೆ, ಮತ್ತೆ ಹಾಗೇ ಹೋಯಿತು. ಬೆನ್ನಿನಲ್ಲಿ ಹಗೇವಿನಷ್ಟು ಗುಳಿ ತೋಡಿ ನೋಡಿದೆ, ಅಲ್ಲಿಂದಲೇ ಬಾಯಿ ಬಿಟ್ಟಿತು. ಮೋಟಾರು ನಿಲ್ಲಿಸಿದ ಮೇಲೂ ಆ ಸದ್ದು ಕಿವಿಯಲ್ಲಿ ಇರುತ್ತದೆ. ಇಲ್ಲಿ ಬೀದಿಗೆ ಬೀದಿಯೇ ಕಾಲುವೆ, ಪ್ರತಿ ಸೇತುವೆಯ ಮೇಲೂ ನಿಂತು ನೀರು ಎಷ್ಟಿದೆ ಎಂದು ನೋಡುತ್ತೇನೆ. ಕಡಲನ್ನು ನಮ್ಮೂರ ಕಡೆ ತಳ್ಳುವ ವಾಯವ್ಯದ ಗಾಳಿ ಬೀಸಿದ ದಿನ ಓದಲು ಆಗುವುದಿಲ್ಲ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಮಳೆ ಬಿದ್ದ ಮಾರನೆಯ ದಿನ ನಿನ್ನ ಊರುಗೋಲನ್ನು ಯೋಪ್ ಮಾವನ ಹಗೇವಿನ ಪಕ್ಕ ಏರಿಯೊಳಗೆ ಒತ್ತಿ ನೋಡು. ಆಮೇಲೆ ಕಡಲ ಕಡೆಯೂ ಒತ್ತಿ ನೋಡು. ನಗುವುದಿದ್ದರೆ ಆಮೇಲೆ ನಗು.

ಡಿಂಗೆನಾ


ಔದೆಹೂಕ್, ೩೦ ನವೆಂಬರ್

ಮಗಳೇ,

ಒತ್ತಿ ನೋಡಿದೆ.

ಕಡಲ ಕಡೆ ಕೋಲು ಬೆರಳಿನಷ್ಟೂ ಇಳಿಯಲಿಲ್ಲ. ಬೆನ್ನಿನಲ್ಲಿ ಮೊಳದುದ್ದ ಸಲೀಸಾಗಿ ಹೋಯಿತು, ತೆಗೆದಾಗ ತೂತಿನಲ್ಲಿ ನೀರು ಒಸರಿತು. ಹುಡುಗನಾಗಿದ್ದಾಗಿನಿಂದ ಆ ಏರಿಯ ಮೇಲೆ ನಡೆದವನು ನಾನು. ಅವತ್ತು ಕೆಳಗಿಳಿಯುವಾಗ ಮಂಜುಗಡ್ಡೆಯ ಮೇಲೆ ನಡೆಯುವ ಹಾಗೆ ಕಾಲಿಟ್ಟೆ. ಯಾರಿಗೂ ಹೇಳಲಿಲ್ಲ. ಊಟದ ಹೊತ್ತಿಗೆ ಅತ್ತೆಯೇ ಕೇಳಿದಳು, ಮುಖ ಯಾಕೆ ಹಿಟ್ಟಿನ ಹಾಗಾಗಿದೆ ಎಂದು.

ಹಗೇವುಗಳನ್ನೆಲ್ಲ ಮುಚ್ಚಿಸಿದೆ. ಮೇಸ್ತ್ರಿಯಾದವನಿಗೆ ಅಷ್ಟು ಅಧಿಕಾರ ಇದೆ. ಆದರೆ ಅಧಿಕಾರ ಇದ್ದವನ ಜೊತೆ ಯಾರೂ ಕಾಫಿ ಕುಡಿಯುವುದಿಲ್ಲ. ಅತ್ತೆ ಗೆಡ್ಡೆಯನ್ನೆಲ್ಲ ಅಟ್ಟಕ್ಕೆ ಹೊತ್ತಳು, ಪ್ರತಿ ಚೀಲಕ್ಕೂ ನಿನ್ನ ಹೆಸರು ಹಿಡಿದು ಒಂದೊಂದು ಮಾತು ಹೇಳಿದಳು. ಯೋಪ್‌ನ ಅಟ್ಟದಲ್ಲಿ ಹುಲ್ಲು ತುಂಬಿದೆ. ಅವನು ಗೆಡ್ಡೆಯನ್ನು ಕೊಟ್ಟಿಗೆಯಲ್ಲಿ ರಾಶಿ ಹಾಕಿದ. ಇಬ್ಬನಿ ಗಟ್ಟಿಯಾಗಿ ಬಿದ್ದ ಮೇಲೆ ಮೇಲಿನದೆಲ್ಲ ಕಪ್ಪಾಗಿ ನೀರು ಬಿಡುತ್ತಿದೆ. ಅವನು ನನ್ನನ್ನು ಕಂಡರೆ ಏರಿಯ ಆ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಾನೆ. ಲೇನಾ ಮಾತ್ರ ಬಾಗಿಲಲ್ಲಿ ನಿಂತು, "ಮರೀನುಸಣ್ಣ, ನಿನ್ನ ಹೆದರಿಕೇನ ನಮ್ಮ ಮಕ್ಕಳ ತಟ್ಟೆಗೆ ಬಡಿಸ್ತಾ ಇದ್ದೀಯ" ಎಂದಳು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಕ್ರಿಸ್ಮಸ್ಸಿಗೆ ಬಾ. ಆದರೆ ಯಾರೂ ನಗುಮುಖ ತೋರಿಸದಿದ್ದರೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಅಪ್ಪ


ಡೆಲ್ಫ್ಟ್, ೧೧ ಜನವರಿ ೧೯೫೩

ಅಪ್ಪ,

ಈ ಪತ್ರವನ್ನು ಯೋಪ್ ಮಾವನ ಮುಂದೆ ಓದು. ಎಲ್ಲರ ಮುಂದೆಯೂ ಓದು.

ಕ್ರಿಸ್ಮಸ್ಸಿನಲ್ಲಿ ಬಂದಾಗ ಅವರ ಕೊಟ್ಟಿಗೆ ನೋಡಿದೆ. ಕೊಳೆತ ಗೆಡ್ಡೆಯ ವಾಸನೆ ಇನ್ನೂ ನನ್ನ ಕೋಟಿನಲ್ಲಿದೆ. ಲೇನಾ ಅತ್ತೆ ನನಗೆ ಕೂರು ಎನ್ನಲಿಲ್ಲ.

ಇಲ್ಲಿಗೆ ಬಂದ ಮೇಲೆ ನನ್ನ ಪ್ರಯೋಗವನ್ನು ಪ್ರೊಫೆಸರ್ ವಾನ್ ಹೆಮೆರ್ತ್ ಅವರಿಗೆ ತೋರಿಸಿದೆ. ಅವರು ಎಲ್ಲ ಸಮಾಧಾನದಿಂದ ನೋಡಿದರು. ತಪ್ಪು ಎನ್ನಲಿಲ್ಲ. "ಯಾವ ಮಣ್ಣು ಹಾಕಿದ್ರಿ?" ಎಂದು ಕೇಳಿದರು, ಅಷ್ಟೇ. ನಾನು ಹಾಕಿದ್ದು ಮರಳು ಬೆರೆತ ಮಣ್ಣು, ಪ್ರಯೋಗಶಾಲೆಯಲ್ಲಿ ಇರುವುದು ಅದೇ. ನಮ್ಮ ಏರಿಯದು ಅಂಟು ಜೇಡಿ. ಮಾದರಿಯಲ್ಲಿ ನೀರನ್ನು ಚಿಕ್ಕದು ಮಾಡಬಹುದು, ಅಲೆಯನ್ನು ಚಿಕ್ಕದು ಮಾಡಬಹುದು, ಜೇಡಿಮಣ್ಣಿನ ಹಿಡಿತವನ್ನು ಚಿಕ್ಕದು ಮಾಡಲು ಬರುವುದಿಲ್ಲ. ಆದ್ದರಿಂದ ಗಾಜಿನೊಳಗೆ ಬೆನ್ನು ಜಾರಿತು ಎಂದರೆ ಔದೆಹೂಕ್‌ನಲ್ಲಿ ಜಾರುತ್ತದೆ ಎಂದು ಹೇಳುವ ಹಾಗಿಲ್ಲ. ಜಾರುವುದಿಲ್ಲ ಎಂದೂ ಹೇಳುವ ಹಾಗಿಲ್ಲ. ಹೇಳಲು ನನ್ನ ಹತ್ತಿರ ಏನೂ ಇಲ್ಲ, ಅಪ್ಪ.

ಈ ಮಹಾಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ಇದನ್ನೇ. ಲೆಕ್ಕ ನಿಲ್ಲದಿದ್ದರೆ, ಯಾರಿಗೆ ಹೇಳಿದ್ದೆಯೋ ಅವರಿಗೇ ಹೋಗಿ ನಿಲ್ಲಲಿಲ್ಲ ಎಂದು ಹೇಳಬೇಕು. ನಾನು ನಿಮಗೆಲ್ಲ ಗೊತ್ತಿದ್ದವಳ ಹಾಗೆ ಬರೆದೆ. ನನಗೆ ಗೊತ್ತಿರಲಿಲ್ಲ, ಹೆದರಿಕೆ ಇತ್ತು. ಯೋಪ್ ಮಾವನಿಗೆ ಹೇಳು, ಡಿಂಗೆನಾ ಕ್ಷಮಿಸಿ ಎಂದಳು ಎಂದು.

ನೀನು ಕೋಲು ಒತ್ತಿ ನೋಡಿದ್ದು ನನಗೆ ನೆನಪಿದೆ. ಅದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಮಳೆಯಲ್ಲಿ ಯಾವ ಮಣ್ಣಾದರೂ ಮೆತ್ತಗಾಗುತ್ತದೆ ಎಂದು ಇಲ್ಲಿ ಹೇಳುತ್ತಾರೆ.

ನಿನ್ನ ಮಗಳು,
ಡಿಂಗೆನಾ


ಔದೆಹೂಕ್, ೨೦ ಜನವರಿ

ಮಗಳೇ,

ಭಾನುವಾರ ಚರ್ಚು ಬಿಟ್ಟ ಮೇಲೆ ಹೊರಗಿನ ಗೋಡೆಯ ಹತ್ತಿರ, ಗಾಳಿ ತಾಕದ ಕಡೆ ನಿಂತು ಓದಿದೆ. ಯಾರೂ ನಗಲಿಲ್ಲ. ನಗುತ್ತಾರೆ ಎಂದುಕೊಂಡಿದ್ದೆ.

ಯೋಪ್ ಮುಂದೆ ಬಂದು ನನ್ನ ಕೈ ಹಿಡಿದ. "ಓದಿದೋರು ತಪ್ಪು ಅಂತ ಬರ್ಕೊಡೋದು ನಾನು ಇವತ್ತೇ ಕಂಡಿದ್ದು. ಹುಡುಗಿ ದೊಡ್ಡೋಳಾದ್ಳು ಕಣೋ" ಎಂದ. ಸಂಜೆ ಕಾಫಿಗೆ ಬಂದ. ಅಷ್ಟು ವಾರ ಆದ ಮೇಲೆ ಆ ಕುರ್ಚಿಯಲ್ಲಿ ಅವನನ್ನು ಕಂಡು, ಬಟ್ಟಲು ಖಾಲಿಯಾಗುವ ಮೊದಲೇ ಮತ್ತೆ ಕಾಫಿ ಹಾಕಿದೆ.

ನಿನ್ನ ಅತ್ತೆ ಗೆಡ್ಡೆಯನ್ನು ಅಟ್ಟದಿಂದ ಇಳಿಸುವುದಿಲ್ಲವಂತೆ. "ಒಂದ್ಸಲ ಹತ್ತಿಸಿದೀನಿ. ಅವ್ಳು ಮನಸ್ಸು ಬದಲಾಯಿಸಿದಾಗೆಲ್ಲ ನನ್ನ ಸೊಂಟ ಬದಲಾಯ್ಸೋಕಾಗಲ್ಲ" ಎಂದಳು. ಬೇರೆಯವರು ಏನು ಮಾಡುತ್ತಾರೋ ನಾನು ಕೇಳಲಿಲ್ಲ. ನಾನೇ ಹೇಳಿ ಮುಚ್ಚಿಸಿದವನು, ನಾನೇ ನಿನ್ನ ಪತ್ರ ಓದಿದವನು, ಇನ್ನು ಯಾವ ಬಾಯಲ್ಲಿ ಬೇಡ ಎನ್ನಲಿ.

ಕೋಲಿನ ತೂತಿನಲ್ಲಿ ಒಸರಿದ ನೀರು ನೆನಪಾಗುತ್ತದೆ. ನಿದ್ದೆ ಬಂದರೆ ಸಾಕು. ಇನ್ನೂ ಬಂದಿಲ್ಲ.

ನಿನ್ನ ಅಪ್ಪ


ಡೆಲ್ಫ್ಟ್, ೧ ಫೆಬ್ರವರಿ, ಭಾನುವಾರ

ಅಪ್ಪ,

ನಿನ್ನೆಯಿಂದ ಗಾಳಿ ವಾಯವ್ಯದ್ದು. ಇಲ್ಲಿ ಹೆಂಚು ಹಾರಿವೆ. ಬೆಳಿಗ್ಗೆ ರೇಡಿಯೋದಲ್ಲಿ ದಕ್ಷಿಣದ ದ್ವೀಪಗಳಲ್ಲಿ ಏರಿ ಒಡೆದಿದೆ ಎಂದರು. ಕೆಲವು ಊರುಗಳ ಹೆಸರು ಹೇಳಿದರು. ಔದೆಹೂಕ್ ಎನ್ನಲಿಲ್ಲ. ಮನೆಯೊಡತಿ, ಹೆಸರು ಹೇಳದಿದ್ದರೆ ಒಳ್ಳೆಯದೇ ತಾನೇ ಎಂದಳು. ಹೆಸರು ಹೇಳುವುದಕ್ಕೆ ಅಲ್ಲಿಂದ ಯಾರಾದರೂ ಬಾಯಿ ಬಿಡಬೇಕಲ್ಲ.

ಅಂಚೆ ಕಚೇರಿಯಲ್ಲಿ ಕೇಳಿದೆ, ನಿಮ್ಮ ದ್ವೀಪಕ್ಕೆ ತಂತಿ ಹೋಗುತ್ತಿಲ್ಲ ಎಂದರು. ಆದರೂ ಬರೆಯುತ್ತಿದ್ದೇನೆ. ಬರೆಯುವುದು ನಿಲ್ಲಿಸಿದರೆ ಯೋಚನೆ ಶುರುವಾಗುತ್ತದೆ.

ಕ್ಷಮೆ ಕೇಳಿದ ಆ ಪತ್ರವನ್ನು ನೀನು ಎಲ್ಲರ ಮುಂದೆ ಓದದೆ ಇದ್ದಿದ್ದರೆ ಎನ್ನಿಸುತ್ತಿದೆ. ಜೇಬಿನಲ್ಲಿಟ್ಟು ಮರೆತಿದ್ದರೆ.

ಡಿಂಗೆನಾ


ಡೆಲ್ಫ್ಟ್, ೬ ಫೆಬ್ರವರಿ

ಅಪ್ಪ,

ಇದನ್ನು ರೆಡ್‌ಕ್ರಾಸಿನವರ ಕೈಗೆ ಕೊಡುತ್ತಿದ್ದೇನೆ. ತರಗತಿಗಳು ನಡೆಯುತ್ತಿಲ್ಲ. ಹುಡುಗರೆಲ್ಲ ಮರಳಿನ ಚೀಲ ತುಂಬಲು ಹೋದರು. ನಾನು ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬರುವವರ ಮುಖ ನೋಡುತ್ತ ನಿಲ್ಲುತ್ತೇನೆ. ಯಾರೂ ನಮ್ಮವರಲ್ಲ. ನಮ್ಮವರ ಹಾಗೆಯೇ ಕಪ್ಪು ಶಾಲು ಹೊದ್ದ ಹೆಂಗಸರು, ಎಲ್ಲರೂ ಹಿಂದಿನಿಂದ ಅತ್ತೆಯ ಹಾಗೇ ಕಾಣುತ್ತಾರೆ. ಇಬ್ಬರ ಭುಜ ಹಿಡಿದು ತಿರುಗಿಸಿಬಿಟ್ಟೆ.

ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಔದೆಹೂಕ್‌ನ ಏರಿ ಮೇಸ್ತ್ರಿ ಮರೀನುಸ್, ಅವನ ಅಕ್ಕ ಕ್ರೀನಾ. ಪಕ್ಕದ ಮನೆಯ ಯೋಪ್, ಲೇನಾ, ಅವರ ಮಕ್ಕಳು.

ಡಿಂಗೆನಾ


ಬೆರ್ಗೆನ್, ಹುಡುಗಿಯರ ಶಾಲೆ, ೧೦ ಫೆಬ್ರವರಿ

ಡಿಂಗೆನಾ,

ನಿನ್ನ ಅತ್ತೆ ಬರೆಯುತ್ತಿದ್ದೇನೆ. ನೀರಿನಿಂದ ಉಳಿದವರನ್ನು ಈ ಶಾಲೆಯಲ್ಲಿ ಇಟ್ಟಿದ್ದಾರೆ. ನನಗೆ ಬರೆದು ಅಭ್ಯಾಸವಿಲ್ಲ, ಇಲ್ಲಿನ ಟೀಚರಮ್ಮ ಹಾಳೆ ಕೊಟ್ಟಳು.

ನಿಮ್ಮಪ್ಪ ಇದ್ದಾನೆ. ಮೊದಲು ಅದನ್ನು ಬರಿ ಎಂದಳು ಟೀಚರಮ್ಮ. ಅವನು ಅಲ್ಲೇ ಉಳಿದ, ಒಡೆದ ಏರಿಯ ಹತ್ತಿರ ಚೀಲ ಹಾಕಿಸುತ್ತಿದ್ದಾನೆ. ಬಾ ಎಂದರೆ ದೋಣಿ ಹತ್ತಲಿಲ್ಲ.

ನೀರು ಬಂದಾಗ ನಾನು ಅಟ್ಟಕ್ಕೆ ಹತ್ತಿದೆ. ಎರಡು ದಿನ ಆಲೂಗೆಡ್ಡೆಯ ಮೇಲೆ ಕೂತಿದ್ದೆ. ಹಸಿಯಾಗಿ ತಿಂದೆ. ಮನೆಯ ಗೋಡೆ ಒಂದು ಕಡೆ ಹೋಗಿತ್ತು, ಅಲ್ಲಿಂದ ಹಸುಗಳು ತೇಲುವುದು ಕಾಣುತ್ತಿತ್ತು. ಅದನ್ನೆಲ್ಲ ಬರೆಯುವುದಿಲ್ಲ.

ಯೋಪ್ ಹೋದ. ಏರಿ ಬಿಟ್ಟದ್ದು ಅವನ ಮನೆಯ ಹಿಂದೆ. ಲೇನಾ, ಮಕ್ಕಳು ಛಾವಣಿ ಹತ್ತಿ ಉಳಿದರು. ಅವರೂ ಇದೇ ದೊಡ್ಡ ಕೋಣೆಯಲ್ಲಿದ್ದಾರೆ, ಕಿಟಕಿಯ ಹತ್ತಿರ. ಮಕ್ಕಳು ನನ್ನ ಹತ್ತಿರ ಬಂದು ಮಲಗುತ್ತವೆ. ಲೇನಾ ಯಾರ ಹತ್ತಿರವೂ ಮಾತಾಡುತ್ತಿಲ್ಲ. ನಿನಗೆ ಪತ್ರ ಬರೆಯುತ್ತೇನೆ ಎಂದು ಅವಳಿಗೆ ಹೇಳಿದೆ. ಎದ್ದು ಮಕ್ಕಳ ಬಟ್ಟೆ ಒಣಹಾಕಲು ಹೋದಳು.

ಬೆಚ್ಚಗಿರು.

ಕ್ರೀನಾ ಅತ್ತೆ


ಡೆಲ್ಫ್ಟ್, ೧೪ ಫೆಬ್ರವರಿ

ಅಪ್ಪ,

ನೀನಿದ್ದೀಯ ಎಂದು ಓದಿ ಮನೆಯೊಡತಿಯನ್ನು ಕೂಗಿ ಕರೆದೆ. ಆಮೇಲಿನ ಸಾಲುಗಳನ್ನು ಅವಳಿಗೆ ಓದಿ ಹೇಳಲಿಲ್ಲ.

ನನಗೆ ಒಂದು ಗೊತ್ತಾಗಬೇಕು. ನೀನು ನನ್ನನ್ನು ಕಾಪಾಡಲು ನೋಡಬೇಡ. ಅವತ್ತು ಯೋಪ್ ಮಾವನ ಹಗೇವು ಮುಚ್ಚಿತ್ತೋ, ತೆರೆದಿತ್ತೋ?

ಡಿಂಗೆನಾ


ಔದೆಹೂಕ್, ೨೦ ಫೆಬ್ರವರಿ

ಮಗಳೇ,

ತೆರೆದಿತ್ತು.

ನಿನ್ನ ಪತ್ರ ಓದಿದ ವಾರವೇ ತೋಡಿದ, ಕೊಳೆಯದೆ ಉಳಿದಷ್ಟನ್ನು ತಂದಿಟ್ಟ. ನಾನು ಏರಿಯ ಮೇಲೆ ನಿಂತು ನೋಡಿದೆ. ಅವನು ಕೈ ಬೀಸಿದ, ನಾನೂ ಬೀಸಿದೆ. ನಿನಗೆ ಬರೆಯಲಿಲ್ಲ.

ಅವತ್ತು ಅಲೆ ಮೇಲಿಂದ ಇಳಿಯಲು ಶುರುವಾದಾಗ ನಾನು ಪೂರ್ವದ ಮೂಲೆಯಲ್ಲಿದ್ದೆ. ಓಡಿ ಬಂದೆ. ನೀನು ಬರೆದ ಹಾಗೇ ಇತ್ತು, ತೆಳ್ಳಗೆ, ಚೊಂಬಿನಿಂದ ಸುರಿದ ಹಾಗೆ. ಯೋಪ್ ಹಗೇವಿನೊಳಗೆ ಸೊಂಟದವರೆಗೆ ಇಳಿದು ನಿಂತಿದ್ದ. ತನ್ನ ಗೆಡ್ಡೆಯ ಚೀಲಗಳನ್ನೇ ಹಗೇವಿನ ಬಾಯಿಗೆ ತುರುಕುತ್ತಿದ್ದ, ಅದರ ಮೇಲೆ ದೋಣಿಯ ಹಾಯಿಬಟ್ಟೆ ಎಳೆಯಲು ನೋಡುತ್ತಿದ್ದ. ಬಾರೋ ಎಂದೆ. "ನಂದು ತೂತು, ನಾನೇ ಮುಚ್ತೀನಿ. ನೀನು ಲೇನಾನ ಛಾವಣಿಗೆ ಹತ್ಸು, ಹೋಗು" ಎಂದ. ನಾನು ಹೋದೆ. ಅವಳನ್ನು, ಮಕ್ಕಳನ್ನು ಹತ್ತಿಸಿ ತಿರುಗಿದಾಗ ಅಲ್ಲಿ ಏರಿ ಇರಲಿಲ್ಲ, ಅವನೂ ಇರಲಿಲ್ಲ.

ಹಗೇವು ಮುಚ್ಚಿದ್ದರೆ ಏರಿ ನಿಲ್ಲುತ್ತಿತ್ತೇ? ಮುಚ್ಚಿದ್ದ ಕಡೆಯೂ ಬೆನ್ನು ಜಾರಿದೆ, ಆದರೆ ಪೂರ್ತಿ ಹೋಗಿಲ್ಲ. ನಾನು ದಿನಾ ಹೋಗಿ ನೋಡುತ್ತೇನೆ.

ನೀನು ಸುಳ್ಳು ಬರೆಯಲಿಲ್ಲ. ನಾನು ಸುಳ್ಳು ಓದಲಿಲ್ಲ. ಆದರೂ ಅವನು ಹೋದ.

ಮರೀನುಸ್


ಡೆಲ್ಫ್ಟ್, ೧ ಮಾರ್ಚ್

ಅಪ್ಪ,

ಮಹಾಶಾಲೆಯಿಂದ ನಮ್ಮನ್ನು ಒಡೆದ ಜಾಗಗಳನ್ನು ಅಳೆಯಲು ಕಳಿಸುತ್ತಿದ್ದಾರೆ. ಏರಿ ಎಲ್ಲಿಂದ ಬಿಟ್ಟಿತು, ಎದೆಯಿಂದಲೋ ಬೆನ್ನಿನಿಂದಲೋ, ಮಣ್ಣು ಎಂಥದ್ದು, ಎಲ್ಲ ಬರೆದು ತರಬೇಕು. ಮುಂದೆ ಕಟ್ಟುವ ಏರಿಗಳು ಆ ಲೆಕ್ಕದ ಮೇಲೆ ನಿಲ್ಲುತ್ತವೆ. ಹೋಗಿ ಬಂದವರೆಲ್ಲ ಹೇಳುತ್ತಿದ್ದಾರೆ, ಹೆಚ್ಚಿನ ಕಡೆ ಬೆನ್ನಿನಿಂದಲೇ ಎಂದು. ಜೇಡಿಮಣ್ಣಿದ್ದ ಕಡೆಯೂ. ಪ್ರೊಫೆಸರ್ ಆ ಹಾಳೆಗಳನ್ನು ನನ್ನ ಮುಂದಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

ಔದೆಹೂಕ್‌ಗೆ ಬೇರೆಯವರು ಹೋಗಬಹುದು, ನಿಮ್ಮ ಮನಸ್ಸು ಎಂದರು. ನಾನೇ ಹೋಗುತ್ತೇನೆ ಎಂದೆ.

ನೀರಿಗೆ ಹೆದರುತ್ತಿಲ್ಲ ಅಪ್ಪ. ಯೋಪ್ ಮಾವನ ಹಗೇವು ಇದ್ದ ಜಾಗದಲ್ಲಿ ಅಳತೆಯ ಪಟ್ಟಿ ಹಿಡಿದು ನಿಲ್ಲಬೇಕಲ್ಲ, ಅದಕ್ಕೆ ಹೆದರುತ್ತಿದ್ದೇನೆ. ಲೇನಾ ಅತ್ತೆ ಊರಿಗೆ ಮರಳಿದ್ದಾಳೆ ಎಂದು ಕ್ರೀನಾ ಅತ್ತೆ ಬರೆದಿದ್ದಾಳೆ. ಅವಳು ಬೇಡ ಎಂದರೆ ನಾನು ಬರುವುದಿಲ್ಲ. ಅವಳನ್ನು ಕೇಳಿ ತಿಳಿಸು. ಗುರುವಾರದ ದೋಣಿ.

ನಿನ್ನ ಮಗಳು,
ಡಿಂಗೆನಾ


ಔದೆಹೂಕ್, ೩ ಮಾರ್ಚ್

ಮಗಳೇ,

ಕೇಳಿದೆ. ಲೇನಾ ಮನೆಯೊಳಗಿನ ಕೆಸರು ಎತ್ತಿ ಹಾಕುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಸಲಿಕೆ ನಿಲ್ಲಿಸಲಿಲ್ಲ. ಆಮೇಲೆ, "ಯಾವ ದೋಣೀಲಿ ಬರ್ತಾಳೆ?" ಎಂದು ಕೇಳಿದಳು. ಹೇಳಿದೆ.

"ದೋಣಿ ಕಟ್ಟೆ ಹತ್ರ ನಾನೂ ಬರ್ತೀನಿ" ಎಂದಳು.

ಬೇಡ ಎನ್ನಲಿಲ್ಲ. ತಾನು ಯಾಕೆ ಬರುತ್ತೇನೆ ಎಂದೂ ಹೇಳಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಅವಳ ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಬಾ.

ನಿನ್ನ ಅಪ್ಪ,
ಮರೀನುಸ್